ಏಳನೆಯ ಜಡೆ

ನಾನಿನ್ನೂ ಚಿಕ್ಕವಳಿದ್ದಾಗ, ಹತ್ತು ತುಂಬಿ ಹನ್ನೊಂದು ನಡೆಯುತ್ತಿದ್ದ ವರ್ಷ, ನಮ್ಮ ಮನೆಯಲ್ಲಿ ಇಬ್ಬರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಬ್ಬಳು ನನ್ನ ಅಕ್ಕ. ಇನ್ನೊಬ್ಬರು ಅಪ್ಪನ ಅಕ್ಕ, ನಮ್ಮ ಅತ್ತೆ. ನಾನು ಅಕ್ಕನ ಕಡೆ. ಅತ್ತೆ ಕೆಮ್ಮಿದರೂ ನನಗೆ ಸಿಟ್ಟು ಬರುತ್ತಿತ್ತು. ಸಂಜೆ ದೇವರ ಮುಂದೆ ಕೈಮುಗಿದು ‘ಎಲ್ಲರಿಗೂ ಒಳ್ಳೆಯದು ಮಾಡಪ್ಪ’ ಎಂದು ಹೇಳಿ, ‘ಅತ್ತೆಗೆ ಮಾತ್ರ ಆಮೇಲೆ ನೋಡಿದರಾಯಿತು’ ಎಂದು ಮನಸ್ಸಿನಲ್ಲೇ ಸೇರಿಸುತ್ತಿದ್ದೆ. ದೇವರು ಅದನ್ನು ಕ್ಷಮಿಸಿದ್ದಾನೆ ಎಂದುಕೊಂಡಿದ್ದೇನೆ.

ಗೋಣಿಬೀಡಿನಿಂದ ಎರಡು ಮೈಲಿ ಒಳಗಿದ್ದ ಒಂದು ಕಾಫಿ ಎಸ್ಟೇಟಿನಲ್ಲಿ ಅಪ್ಪ ರೈಟರ್ ಆಗಿದ್ದರು. ಬಂಗಲೆಯ ದೊರೆ ಹೇಳಿದ್ದನ್ನು ಮೇಸ್ತ್ರಿಗೆ ಮುಟ್ಟಿಸಿ ಆಳುಗಳಿಂದ ಕೆಲಸ ಮಾಡಿಸುವುದು ಅವರ ಪಾಲಿಗಿತ್ತು. ಇರಲು ಎಸ್ಟೇಟಿನದೇ ಕ್ವಾರ್ಟರ್ಸು: ಸಾಲಾಗಿ ಮೂರು ಕೋಣೆ, ಮುಂದೆ ಉದ್ದಕ್ಕೆ ಒಂದು ಜಗುಲಿ. ಗಂಡ ತೀರಿಕೊಂಡ ಮೇಲೆ ಅತ್ತೆ ಬಂದು ನಮ್ಮೊಡನೆಯೇ ಇದ್ದರು. ಮಡಿ, ಪೂಜೆ, ಅಡುಗೆ ಎಲ್ಲ ಅವರು ಹೇಳಿದ ಹಾಗೆ. ಅಮ್ಮ ಎದುರಾಡುತ್ತಿರಲಿಲ್ಲ. ಅಪ್ಪ ತೋಟದಲ್ಲಿ ಐವತ್ತು ಜನರ ಮೇಲೆ ಜೋರು ಮಾಡಿ ಬಂದವರು ಮನೆಯ ಹೊಸ್ತಿಲಲ್ಲಿ ದನಿ ತಗ್ಗಿಸುತ್ತಿದ್ದರು.

ಅತ್ತೆಗೆ ಹೆಣಿಗೆ ಚೆನ್ನಾಗಿ ಬರುತ್ತಿತ್ತು. ಮೊದಲಿದ್ದ ದೊರೆಯ ಹೆಂಡತಿ ಕಲಿಸಿದ್ದರಂತೆ. ಹೆಣಿಗೆಯ ಕಡ್ಡಿ ಅಂಗಡಿಯಿಂದ ತಂದದ್ದಲ್ಲ. ಮಳೆಗಾಲದಲ್ಲಿ ಮುರಿದುಹೋದ ಕೊಡೆಗಳ ಕಡ್ಡಿಯನ್ನೇ ಕಲ್ಲಿಗೆ ತಿಕ್ಕಿ ಚೂಪು ಮಾಡಿಕೊಂಡಿದ್ದರು. ಅಕ್ಕನಿಗೆ ಎಂಟು ವರ್ಷವಾಗಿದ್ದಾಗ ಆ ಕಡ್ಡಿ ಹಿಡಿಯಲು ಕಲಿಸಿದವರೂ ಅವರೇ. ಕಲಿಸುವಾಗ ತಪ್ಪಿದರೆ ಅದೇ ಕಡ್ಡಿಯಿಂದ ಬೆರಳ ಗಂಟಿಗೆ ಒಂದು ಬೀಳುತ್ತಿತ್ತು. ಅಕ್ಕ ಅದನ್ನು ಮರೆತಿರಲಿಲ್ಲ.

ಈಗಿನ ಮಕ್ಕಳಿಗೆ ಇನ್ನೊಂದು ಸಂಗತಿ ಬಿಡಿಸಿ ಹೇಳಬೇಕು. ಆಗ ಹೆಂಗಸರು ತಿಂಗಳಿಗೆ ಮೂರು ದಿನ ‘ಹೊರಗೆ ಕೂರುತ್ತಿದ್ದರು’. ಜಗುಲಿಯ ತುದಿಯಲ್ಲಿ ಒಂದು ಕಂಬಳಿ, ಒಂದು ತಟ್ಟೆ, ಒಂದು ಲೋಟ. ಒಳಗೆ ಬರುವ ಹಾಗಿಲ್ಲ, ಯಾರನ್ನೂ ಮುಟ್ಟುವ ಹಾಗಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ತಲೆಗೆ ಸ್ನಾನ ಮಾಡಿ ಒಳಗೆ ಬಂದರೆ ಮತ್ತೆ ಎಲ್ಲ ಮೊದಲಿನ ಹಾಗೆ. ಆದರೆ ಉಣ್ಣೆಗೆ ಮೈಲಿಗೆ ಇಲ್ಲ ಎಂದು ಅತ್ತೆಯ ಶಾಸ್ತ್ರ. ಹಾಗಾಗಿ ಹೊರಗೆ ಕೂತವರು ಮಾಡಬಹುದಾಗಿದ್ದ ಕೆಲಸ ಒಂದೇ, ಹೆಣಿಗೆ. ಉಳಿದ ಇಪ್ಪತ್ತೇಳು ದಿನ ಅಕ್ಕನಿಗೆ ನೀರು ಹೊರುವುದು, ಹಿಟ್ಟು ಬೀಸುವುದು, ಕೊಟ್ಟಿಗೆ ಬಳಿಯುವುದು. ಉಣ್ಣೆಯ ಉಂಡೆ ಗೂಡಿನಲ್ಲಿ ಕಾಯುತ್ತಿರುತ್ತಿತ್ತು. ಆ ಮೂರು ದಿನ ಯಾರೂ ಅವಳನ್ನು ಕೆಲಸಕ್ಕೆ ಕರೆಯುತ್ತಿರಲಿಲ್ಲವಲ್ಲ, ಅದನ್ನೂ ದೇವರು ಮಾಡಿದ ಒಂದು ಸಣ್ಣ ಉಪಕಾರವೆಂದೇ ಲೆಕ್ಕ ಹಿಡಿಯುತ್ತೇನೆ.

ಅಕ್ಕ ಹತ್ತನೆಯ ತರಗತಿ ಪಾಸಾಗಿ ಎರಡು ವರ್ಷ ಮನೆಯಲ್ಲಿದ್ದಳು. ಚಿಕ್ಕಮಗಳೂರಿನಲ್ಲಿ ಕ್ರಾಫ್ಟ್ ಟೀಚರ್ ತರಬೇತಿಗೆ ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆ ಎಂಬ ಸುದ್ದಿ ಬಂತು. ಸಂದರ್ಶನಕ್ಕೆ ಬರುವವರು ತಮ್ಮ ಕೈಯಾರೆ ಮಾಡಿದ ಒಂದು ಕೆಲಸ ತರಬೇಕಿತ್ತು. ಅಕ್ಕ ಹೋಗುತ್ತೇನೆ ಎಂದಳು. ಅಂದಿನಿಂದ ಶುರುವಾಯಿತು.

“ಹಾಸ್ಟೆಲಿನಲ್ಲಿ ಯಾರ‍್ಯಾರೋ ಬೇಯಿಸಿದ್ದು ತಿನ್ನೋಕೆ ಕಳಿಸ್ತೀಯಾ? ಈ ಮನೆ ಹುಡುಗಿ ಕೈಚೀಲ ಹಿಡ್ಕೊಂಡು ಬಸ್ ಹತ್ತೋದು ನಾನು ಸತ್ತ ಮೇಲೆ ಇಟ್ಕೊಳ್ಳಿ,” ಎಂದು ಅತ್ತೆ ಅಪ್ಪನ ಮುಂದೆ ಕೂತುಬಿಟ್ಟರು.

“ಇಲ್ಲೇ ಇದ್ದು ಇವರ ಬೈಗುಳ ತಿನ್ನೋದಕ್ಕಿಂತ ಅದೇ ವಾಸಿ,” ಎಂದು ಅಕ್ಕ ಗೋಡೆಗೆ ಹೇಳಿದಳು. ಗೋಡೆಯ ಈಚೆ ಅತ್ತೆ ಇದ್ದರು.

ಅಪ್ಪ ಎಂಟು ದಿನ ಯೋಚಿಸಿ ಒಂದು ತೀರ್ಮಾನ ಹೇಳಿದರು. ಒಂದೇ ಒಂದು ಸಲ ಹೋಗಿಬರಲಿ. ತೆಗೆದುಕೊಂಡರೆ ಕಳಿಸುವುದು. ಇಲ್ಲದಿದ್ದರೆ ಆ ಮಾತನ್ನು ಈ ಮನೆಯಲ್ಲಿ ಮತ್ತೆ ಎತ್ತಬಾರದು. ಅಪ್ಪ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು.

ಅಕ್ಕ ಉದ್ದಕ್ಕೂ ಏಳು ಜಡೆ ಹಾಕಿದಂತೆ ಕಾಣುವ ಶಾಲು ಹೆಣೆಯಲು ಕೂತಳು. ಹಣ್ಣಾದ ಕಾಫಿಯ ಕೆಂಪು. ಒಂದೊಂದು ಜಡೆಗೆ ಕಡ್ಡಿಯ ಮೇಲೆ ಉಣ್ಣೆಯ ಆರು ಕುಣಿಕೆ. ಎಂಟು ಸಾಲಿಗೊಮ್ಮೆ ಅದರಲ್ಲಿ ಮೂರು ಕುಣಿಕೆಯನ್ನು ಒಂದು ಚಿಕ್ಕ ಕಡ್ಡಿಗೆ ಏರಿಸಿ ಮುಂದೆ ನಿಲ್ಲಿಸಿಕೊಂಡು, ಉಳಿದ ಮೂರನ್ನು ಮೊದಲು ಹೆಣೆದು, ಆಮೇಲೆ ಇವನ್ನು ಹೆಣೆಯಬೇಕು. ಆಗ ಜಡೆ ಹೊರಳುತ್ತದೆ. ಚಿಕ್ಕ ಕಡ್ಡಿಯನ್ನು ಮರೆತು ಹಿಂದೆ ನಿಲ್ಲಿಸಿದರೆ ಜಡೆ ಆ ಕಡೆಗೆ ಹೊರಳುವ ಬದಲು ಈ ಕಡೆಗೆ ಹೊರಳುತ್ತದೆ. ಹೆಣೆಯುವಾಗ ಗೊತ್ತಾಗುವುದಿಲ್ಲ, ಒಂದು ಗೇಣು ಮೇಲೆ ಹೋದ ಮೇಲೆ ಎದ್ದು ಕಾಣುತ್ತದೆ.

ಅತ್ತೆ ಶುರುವಿನಲ್ಲೇ ಬಾಗಿಲ ಒಳಗಿನಿಂದ ಹೇಳಿದ್ದರು. ಅಕ್ಕನಿಗಲ್ಲ, ನನಗೆ, ಅಕ್ಕನಿಗೆ ಕೇಳಲಿ ಎಂದು.

“ಹೇಳೇ ಕೂಸೇ ಅವಳಿಗೆ. ಸ್ನಾನಕ್ಕೆ ಏಳೋಕೆ ಮುಂಚೆ ಹಿಡಿದ ಸಾಲು ಮುಗಿಸೇ ಏಳ್ಬೇಕು. ಆಗ್ದಿದ್ರೆ ಬಿಳೀ ದಾರ ಒಂದು ಕಟ್ಟಿ ಗುರುತು ಇಟ್ಕೋಬೇಕು. ಜಡೆ ಹೊರಳಿಸೋ ಸಾಲಿನ ಕೆಳಗೆ ಎಲ್ಲಾ ಕುಣಿಕೆಯೊಳಗೂ ಒಂದು ನೂಲು ಪೋಣಿಸಿಟ್ರೆ, ತಪ್ಪಿದಾಗ ಅಲ್ಲೀವರೆಗೆ ಬಿಚ್ಚಬಹುದು, ಅದಕ್ಕಿಂತ ಕೆಳಗೆ ಇಳಿಯಲ್ಲ. ತಿಂಗಳು ಬಿಟ್ಟು ಕೂತ್ಕೊಳ್ಳೋಳು ತನ್ನ ತಲೆ ನೆಚ್ಕೋಬಾರ‍್ದು.”

ಒಳ್ಳೆಯ ಮಾತೇ. ಆದರೆ ಹೇಳಿದವರು ಅತ್ತೆ. “ಅವರು ಹೇಳಿದ್ರು ಅಂತ್ಲೇ ನಾನು ಕಟ್ಟಲ್ಲ,” ಎಂದು ಅಕ್ಕ ಪಿಸುಗುಟ್ಟಿದಳು. ಅಮ್ಮ ಕೊಟ್ಟ ಬಿಳಿ ದಾರದ ಉಂಡೆಯನ್ನು ನಾನು ಬೆಕ್ಕಿಗೆ ಆಡಲು ಕೊಟ್ಟೆ. ನಮಗಿಬ್ಬರಿಗೂ ಅದೊಂದು ಗೆಲುವಿನ ಹಾಗೆ ಕಂಡಿತು.

ತಿಂಗಳಿಗೆ ಮೂರು ದಿನದಂತೆ ಶಾಲು ಬೆಳೆಯಿತು. ಮಳೆ ಹೋಗಿ, ಕಾಫಿ ಕುಯ್ಲು ಮುಗಿದು, ಹಣ್ಣಿನ ಸಿಪ್ಪೆ ಸುಲಿದು ಕಣದಲ್ಲಿ ಒಣಗಲು ಹರವಿದ್ದ ಪಾರ್ಚ್‌ಮೆಂಟ್ ಬೀಜ ಮೂಟೆಯಾಗಿ ಹೋಗಿ, ಬೇಸಿಗೆ ಬಂತು. ಸಂದರ್ಶನದ ಕಾಗದವೂ ಬಂತು. ದಿನ ನೋಡಿದರೆ ಅಕ್ಕ ಹೊರಗೆ ಕೂತ ನಾಲ್ಕನೆಯ ದಿನವೇ. ಬೆಳಗ್ಗೆ ಸ್ನಾನ ಮಾಡಿ ಹಾಗೇ ಮೊದಲ ಬಸ್ಸಿಗೆ ಓಡಬೇಕು. ಕೊನೆಯ ಮೂರು ದಿನ ಶಾಲು ಮುಗಿಸಲು ಸಿಗುತ್ತದಲ್ಲ ಎಂದು ಅಮ್ಮ ಖುಷಿಪಟ್ಟರು.

ಆ ಮೂರನೆಯ ದಿನದ ಮಧ್ಯಾಹ್ನ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹೂಮಳೆ ಬಿದ್ದು ಒಂಬತ್ತು ದಿನವಾಗಿತ್ತು. ಗುಡ್ಡದ ತುಂಬ ಕಾಫಿ ಹೂ ಬಿಟ್ಟು ಗಿಡದ ಎಲೆಯೇ ಕಾಣುತ್ತಿರಲಿಲ್ಲ. ಆ ಪರಿಮಳ ಎಷ್ಟು ದಟ್ಟವಾಗಿತ್ತೆಂದರೆ ಊಟ ಮಾಡಿದ ಸಾರಿಗೂ ಅದೇ ವಾಸನೆ. ಜೇನುಹುಳುಗಳ ಸದ್ದು ದೂರದಲ್ಲಿ ಯಾರೋ ಒಂದೇ ಸಮನೆ ಬೀಸುಕಲ್ಲು ತಿರುಗಿಸುತ್ತಿರುವ ಹಾಗೆ. ಬಿಸಿಲಿಗೆ ಅಕ್ಕನ ಅಂಗೈ ಬೆವರಿ, ಉಣ್ಣೆ ಬೆರಳಿಗೆ ಅಂಟಿಕೊಳ್ಳುತ್ತಿತ್ತು. ಅವಳು ಮತ್ತೆ ಮತ್ತೆ ಕೈಯನ್ನು ಕಂಬಳಿಗೆ ಒರೆಸಿಕೊಳ್ಳುತ್ತಿದ್ದಳು.

ನಾನು ಅವಳನ್ನು ಮುಟ್ಟದಂತೆ ಒಂದು ಮಾರು ದೂರದಲ್ಲಿ ಬೋರಲು ಮಲಗಿ, ಹರಡಿಕೊಂಡಿದ್ದ ಶಾಲಿನ ಜಡೆಗಳ ಮೇಲೆ ಬೆರಳು ಓಡಿಸುತ್ತಿದ್ದೆ. ಒಂದನೆಯದು, ಎರಡನೆಯದು, ಆರನೆಯದರವರೆಗೂ ಬೆರಳು ಸರಾಗವಾಗಿ ಹೋಯಿತು. ಏಳನೆಯದರಲ್ಲಿ ಒಂದು ಕಡೆ ತಡೆಯಿತು. ಉಳಿದವೆಲ್ಲ ಎಡಕ್ಕೆ ಹೊರಳಿದ್ದರೆ ಅದೊಂದು ಬಲಕ್ಕೆ ಹೊರಳಿತ್ತು.

“ಅಕ್ಕಾ, ಇದ್ಯಾಕೆ ಇಲ್ಲಿ ಹೀಗಾಗಿದೆ?”

ಅಕ್ಕ ಬಗ್ಗಿ ನೋಡಿದಳು. ಅವಳ ಮೂಗಿನ ತುದಿ ಬೆಳ್ಳಗಾಯಿತು. ಕಳೆದ ತಿಂಗಳು ಅಮ್ಮ ಬಚ್ಚಲ ಒಲೆಗೆ ಬೆಂಕಿ ಹಾಕಿ ಕರೆದಾಗ ಅವಳು ಆ ಸಾಲಿನ ಆರು ಜಡೆ ಹೊರಳಿಸಿ, ಏಳನೆಯದನ್ನು ಹಾಗೇ ಬಿಟ್ಟು ಎದ್ದಿದ್ದಳು. ಈ ತಿಂಗಳು ಕೂತು ಹೆಣೆಯುವಾಗ ಚಿಕ್ಕ ಕಡ್ಡಿ ಹಿಂದೆ ಹೋಗಿತ್ತು. ಗುರುತಿಗೆ ದಾರವಿರಲಿಲ್ಲ. ಕೆಳಗೆ ಪೋಣಿಸಿದ ನೂಲೂ ಇರಲಿಲ್ಲ. ಅಲ್ಲಿಂದ ಮೇಲೆ ಮೂವತ್ತೆರಡು ಸಾಲು ಹೆಣೆದಾಗಿತ್ತು. ಎಲ್ಲ ಬಿಚ್ಚಿ ಮತ್ತೆ ಹೆಣೆಯಲು ಎರಡೂವರೆ ದಿನ ಬೇಕು. ಇದ್ದದ್ದು ಅರ್ಧ ದಿನ.

“ಯಾರೂ ನೋಡಲ್ಲ ಬಿಡು,” ಎಂದಳು. ಆದರೆ ಕಣ್ಣು ಅಲ್ಲಿಂದ ಕೀಳಲಿಲ್ಲ. ನಾನೂ ಕೀಳಲಿಲ್ಲ. ಒಮ್ಮೆ ಕಂಡ ಮೇಲೆ ಇಡೀ ಶಾಲಿನಲ್ಲಿ ಅದೊಂದೇ ಕಾಣುತ್ತಿತ್ತು.

ಅಕ್ಕನಿಗೆ ಹೇಳದೆ ನಾನು ಒಳಗೆ ಹೋದೆ. ಅತ್ತೆ ಹೊಸ್ತಿಲಿನ ಒಳಗೆ ಗೋಡೆಗೊರಗಿ ಕೂತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು.

“ಅತ್ತೆ, ಶಾಲಲ್ಲಿ ಒಂದು ಜಡೆ ತಪ್ಪಿಹೋಗಿದೆ.”

“ಗೊತ್ತು. ಏಳನೇದು. ನಿನ್ನೆ ಬೆಳಗ್ಗೇನೇ ನೋಡ್ದೆ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಕೇಳಿದ್ರಾ ಯಾರಾದ್ರೂ? ಈ ಮನೇಲಿ ನನ್ನ ಮಾತು ಬೆಕ್ಕು ಆಡೋಕೆ ತಾನೇ ಇರೋದು?”

ನನಗೆ ಮೈಯೆಲ್ಲ ಉರಿಯಿತು. ನಿನ್ನೆಯೇ ಹೇಳಿದ್ದರೆ ಬಿಚ್ಚಿ ಹೆಣೆಯಲು ಸಮಯವಿರುತ್ತಿತ್ತು. ಬತ್ತಿಯ ತಟ್ಟೆಯನ್ನು ಎತ್ತಿ ಅಂಗಳಕ್ಕೆ ಎಸೆಯಬೇಕು ಎನ್ನಿಸಿತು. ದೇವರ ಬತ್ತಿ ಎಂದು ಸುಮ್ಮನಾದೆ.

“ಸರಿ ಮಾಡೋಕೆ ಆಗುತ್ತಾ?”

“ಆಗುತ್ತೆ.”

“ಹೇಗೆ?”

“ಅವಳು ಕೇಳ್ಲಿ.”

ಜಗುಲಿಗೆ ವಾಪಸ್ಸು ಬಂದು ಹೇಳಿದೆ. ಅಕ್ಕ ನನ್ನ ಮೇಲೆಯೇ ಹರಿಹಾಯ್ದಳು. “ನಿನ್ನನ್ನ ಯಾರೇ ಕಳ್ಸಿದ್ದು, ದೊಡ್ಡ ವಕೀಲಿ? ನಿನ್ನೆ ನೋಡಿ ಒಳಗೊಳಗೇ ನಕ್ಕವರ ಹತ್ರ ನಾನು ಕೇಳ್ಬೇಕಾ? ಅದಕ್ಕಿಂತ ಇದನ್ನ ಬಚ್ಚಲ ಒಲೆಗೆ ಹಾಕ್ತೀನಿ.” ಹಾಗೆಂದು ಶಾಲನ್ನು ಎದೆಗೆ ಒತ್ತಿಕೊಂಡಳು. ಒಂದು ಹಿಡಿ ಜೇನುಹುಳು ಜಗುಲಿಯ ಸೂರಿಗೆ ಬಂದು ಸುತ್ತಿ ಹೋದವು. ಆಮೇಲೆ ಬಾಗಿಲ ಕಡೆ ತಿರುಗದೆ, ಕಂಬಕ್ಕೆ ಹೇಳುವವಳ ಹಾಗೆ ಹೇಳಿದಳು:

“ಎಂತ ಮಾಡ್ಬೇಕಂತೆ, ಕೇಳೇ.”

ಅತ್ತೆಯೂ ಹೊಸ್ತಿಲಿನ ಒಳಗಿನಿಂದ ನನಗೇ ಹೇಳಿದರು: “ಇಲ್ಲಿ ತಗೊಂಡು ಬಾ ಅನ್ನು.”

ಅಕ್ಕ ಶಾಲನ್ನು ನೆಲದ ಮೇಲಿಟ್ಟಳು. ನಾನು ಎತ್ತಿ ಅತ್ತೆಗೆ ಕೊಟ್ಟೆ. ಅವರು ಬೆಳಕಿಗೆ ಹಿಡಿದರು, ಹಿಂದುಮುಂದು ಮಾಡಿದರು, ತಪ್ಪಿದ ಜಾಗವನ್ನು ಉಗುರಿನಿಂದ ಒತ್ತಿ ನೋಡಿದರು. ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸುತ್ತಾ ಬಂದರು.

“ಅತ್ತಿಗೆ, ಉಣ್ಣೆಗೆ ಮೈಲಿಗೆ ಇಲ್ವಲ್ಲ. ನೀವೇ ಒಂಚೂರು ಸರಿ ಮಾಡಿಕೊಡಿ. ನಿಮ್ಮ ಕೈಲಿ ಎಷ್ಟು ಹೊತ್ತು?”

“ನಾನಾ? ಸ್ವಂತ ಕೈಯಿಂದ ಮಾಡಿದ್ದು ಅಂತ ಅಲ್ಲಿ ಹೋಗಿ ಇವಳು ಸುಳ್ಳು ಹೇಳೋದು ಬೇಡ. ಅದೂ ಅಲ್ದೆ, ನಾಳೆ ಆಗ್ಲಿಲ್ಲ ಅಂದ್ರೆ ಅತ್ತೆ ಹಾಳುಮಾಡಿದ್ರು ಅಂತ ಗೋಣಿಬೀಡು ತುಂಬ ಸಾರೋಕಾ?” ಎಂದು ಅತ್ತೆ ಶಾಲನ್ನು ನನ್ನ ಕೈಗೆ ಹಾಕಿದರು. “ಹೋಗು. ಆ ಜಡೆಯ ಆರು ಕುಣಿಕೆ ಮಾತ್ರ ಕಡ್ಡಿಯಿಂದ ಜಾರಿಸ್ಬೇಕು. ಜಾರಿಸಿ, ಮೂವತ್ತೆರಡು ಸಾಲು ಕೆಳಗಿನವರೆಗೂ ಬಿಚ್ಕೊಂಡು ಹೋಗ್ಬೇಕು. ಪಕ್ಕದ್ದು ಒಂದೂ ಮುಟ್ಟೋ ಹಾಗಿಲ್ಲ.”

ನಾನು ಶಾಲನ್ನು ಅಕ್ಕನ ಮುಂದಿಟ್ಟೆ. ಹೆಣಿಗೆಯಲ್ಲಿ ಒಂದು ಕುಣಿಕೆ ಜಾರಿದರೆ ಅಕ್ಕ ಕಿರುಚಿಕೊಳ್ಳುತ್ತಿದ್ದದ್ದನ್ನು ನಾನು ನೋಡಿದ್ದೆ. ಈಗ ಬೇಕೆಂದೇ ಆರನ್ನು ಜಾರಿಸಬೇಕಂತೆ. ಇದು ಮೋಸವೇ ಎಂದು ನನಗೆ ಖಾತ್ರಿಯಾಯಿತು. ಅಕ್ಕನಿಗೂ ಹಾಗೇ ಆಗಿರಬೇಕು. ಆಗ ಅವಳು ಮೊದಲ ಸಲ ನೇರ ಬಾಗಿಲಿನ ಕಡೆ ತಿರುಗಿದಳು.

“ಅರ್ಧ ಹಾಳಾಗಿದ್ದು ಪೂರ್ತಿ ಹಾಳಾಗ್ಲಿ ಅಂತ ಅಲ್ವಾ? ನಾನು ಹೋಗ್ಬಾರ‍್ದು, ಅಷ್ಟೇ ತಾನೇ ನಿಮಗೆ ಬೇಕಾಗಿದ್ದು?”

“ಹೌದು,” ಎಂದರು ಅತ್ತೆ. “ನೀನು ಹೋಗೋದು ನಂಗೆ ಬೇಡ. ಇವತ್ತೂ ಬೇಡ, ನಾಳೆನೂ ಬೇಡ. ಆದ್ರೆ ಕಡ್ಡಿ ಹಿಡಿಯೋದು ಕಲಿಸಿದ್ದು ನಾನು. ಹೋಗಿ ಸೋತು ಬಾ. ಸರಿಯಾಗಿ ಹೆಣೆದು ಸೋತು ಬಾ. ಹೀಗೆ ಹೊರಳಿದ ಜಡೆ ಹೊತ್ಕೊಂಡು ಹೋಗಿ ನನ್ನ ಕೈಗೆ ಮಸಿ ಬಳೀಬೇಡ.”

ಅಮ್ಮ ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ಅಕ್ಕ ಅತ್ತೆಯ ಮುಖವನ್ನೇ ನೋಡಿದಳು. ಅತ್ತೆಯೂ ನೋಡಿದರು. ಆ ಮನೆಯಲ್ಲಿ ಅವರಿಬ್ಬರು ಹಾಗೆ ಎದುರೆದುರು ನೋಡಿದ್ದು ವರ್ಷದಲ್ಲೇ ಅದು ಮೊದಲಿರಬೇಕು. ಅದರಲ್ಲಿ ಪ್ರೀತಿಯ ಸುಳಿವೂ ಇರಲಿಲ್ಲ. ಅಕ್ಕ ಶಾಲನ್ನು ತೊಡೆಯ ಮೇಲೆ ಹಾಕಿಕೊಂಡು, ಒಂದು ಸಲ ಉಸಿರೆಳೆದು, ಆರು ಕುಣಿಕೆ ಜಾರಿಸಿದಳು.

ಉಣ್ಣೆ ಸರಸರ ಬಿಚ್ಚಿಕೊಂಡಿತು. ಏಳನೆಯ ಜಡೆ ಇದ್ದ ಕಡೆ ಮೇಲಿಂದ ಕೆಳಗಿನವರೆಗೂ ಒಂದು ಸಂದು ಬಿತ್ತು. ಅದಕ್ಕೆ ಅಡ್ಡಲಾಗಿ ಏಣಿಯ ಮೆಟ್ಟಿಲಿನಂತೆ ಗುಂಗುರು ಗುಂಗುರಾದ ಕೆಂಪು ದಾರಗಳು ಜೋತುಬಿದ್ದವು. ಮೂವತ್ತೆರಡು. ನೋಡಿದರೆ ಅಳು ಬರುವ ಹಾಗಿತ್ತು. ಕೆಳಗಿನ ಆರು ಕುಣಿಕೆ ಇನ್ನೂ ಇಳಿಯದಂತೆ ಅಮ್ಮ ತಮ್ಮ ಬಳೆಯಲ್ಲಿದ್ದ ಪಿನ್ನನ್ನು ಬಿಚ್ಚಿ ಅಕ್ಕನ ಕಡೆ ಎಸೆದರು.

“ಈಗ ಕೂಸೇ, ನೀನು ಆ ಅಂಚು ಹಿಡ್ಕೊಂಡು ಬಿಗಿಯಾಗಿ ಕೂತ್ಕೋ. ಎಲ್ಲಕ್ಕಿಂತ ಕೆಳಗಿನ ದಾರ ಮೊದಲು. ಒಂದು ದಾರಕ್ಕೆ ಒಂದು ಸಾಲು. ಬಾಯಲ್ಲಿ ಎಣಿಸು. ನಂಗೆ ಕೇಳ್ಬೇಕು,” ಎಂದು ಅತ್ತೆ ಹೇಳಿದರು.

ಹೀಗೆ ನಾವು ಮೂವರು ಕೂತೆವು. ಜಗುಲಿಯ ತುದಿಯಲ್ಲಿ ಅಕ್ಕ, ಹೊಸ್ತಿಲಿನ ಒಳಗೆ ಅತ್ತೆ, ಶಾಲಿನ ಅಂಚು ಹಿಡಿದು ನಡುವೆ ನಾನು. ಎರಡು ಕೊಡೆಕಡ್ಡಿಯ ತುಂಡಿನಲ್ಲಿ ಅಕ್ಕ ಮೊದಲು ತಪ್ಪಿದ ಹೊರಳನ್ನು ಸರಿಯಾಗಿ ಹೊರಳಿಸಿದಳು. ಆಮೇಲೆ ಕೆಳಗಿನ ದಾರವನ್ನು ಎಳೆದುಕೊಂಡು ಆರು ಕುಣಿಕೆ ಹೆಣೆದಳು. ನಾನು “ಒಂದು” ಎಂದು ಕೂಗಿದೆ.

“ಸಡಿಲ! ಸಡಿಲ ಹೆಣಿ. ಕತ್ತು ಹಿಸುಕ್ತಾ ಇದೀಯ ಅದರದ್ದು.”

“ಯಾರ ಕತ್ತು ಅಂದ್ಕೊಂಡು ಹಿಸುಕ್ತಿದೀನೋ ಯಾರಿಗೆ ಗೊತ್ತು,” ಎಂದಳು ಅಕ್ಕ.

“ನಂಗೊತ್ತು. ಹಿಸುಕು. ಆದ್ರೆ ಉಣ್ಣೆ ಬಿಡು.”

ಅಮ್ಮ ನಗು ತಡೆಯಲಾರದೆ ಒಳಗೆ ಹೋದರು. ಅಕ್ಕನೂ ಅತ್ತೆಯೂ ನಗಲಿಲ್ಲ.

ಹನ್ನೊಂದನೆಯ ಸಾಲು ಮುಗಿದಾಗ ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. “ನಿಲ್ಲು. ಇನ್ನೂ ಎಷ್ಟು ದಾರ ಉಳಿದಿದೆ ಎಣಿಸು.” ನಾನು ಎಣಿಸಿದೆ. ಇಪ್ಪತ್ತೊಂದು ಇರಬೇಕಿತ್ತು, ಇಪ್ಪತ್ತು ಇತ್ತು. “ಒಂದನ್ನ ಬಿಟ್ಟು ಮೇಲಿಂದು ಎಳ್ಕೊಂಡಿದೀಯ. ಹಿಂದೆ ತಿರುಗಿಸಿ ನೋಡು, ಜೋತು ಬಿದ್ದಿರುತ್ತೆ.”

ನಿಜವಾಗಿಯೂ ಹಿಂಬದಿಯಲ್ಲಿ ಒಂದು ಕೆಂಪು ದಾರ ನೇತಾಡುತ್ತಿತ್ತು. ಅಕ್ಕ ಕಡ್ಡಿಯನ್ನು ಬಿಸುಟಳು. ಅದು ಜಗುಲಿಯಿಂದ ಉರುಳಿ ಅಂಗಳಕ್ಕೆ ಬಿತ್ತು. “ನಂಗಾಗಲ್ಲ. ಬೆವರಿಗೆ ಕಣ್ಣೇ ಕಾಣ್ತಿಲ್ಲ. ಹೋಗ್ಲಿ ಹಾಳಾಗಿ,” ಎಂದು ಮುಖ ಮುಚ್ಚಿಕೊಂಡು ಅತ್ತಳು.

ಅತ್ತೆ ಸಮಾಧಾನ ಹೇಳಲಿಲ್ಲ. “ಅಳೋದಾದ್ರೆ ಬೇಗ ಅತ್ತು ಮುಗಿಸು. ಬೆಳಕು ನಿನಗೋಸ್ಕರ ಕಾಯಲ್ಲ,” ಎಂದರು. ನನಗೆ ಅವರನ್ನು ಹೊಡೆಯಬೇಕು ಎನ್ನಿಸಿತು. ಆದರೆ ಅಕ್ಕ ಎರಡು ನಿಮಿಷ ಅತ್ತು, ಕಂಬಳಿಯ ತುದಿಯಿಂದ ಮುಖ ಒರೆಸಿಕೊಂಡು, “ಕಡ್ಡಿ ತಂದ್ಕೊಡೇ,” ಎಂದಳು. ಮೂರು ಸಾಲು ಬಿಚ್ಚಿ, ತಪ್ಪಿಸಿಕೊಂಡ ದಾರವನ್ನು ಹಿಡಿದು, ಮತ್ತೆ ಮೇಲಕ್ಕೆ ಹತ್ತಿದಳು. ಆಗ ಒಂದು ಮೋಡ ಬಂದು ಬಿಸಿಲು ಮರೆಯಾಯಿತು, ಅವಳ ಅಂಗೈ ಬೆವರುವುದು ನಿಂತಿತು. ಆ ಮೋಡಕ್ಕೆ ನಾನು ಆಗಲೇ ಕೈಮುಗಿದೆ.

ಇಪ್ಪತ್ತನಾಲ್ಕನೆಯ ಸಾಲು ಮುಗಿಯುವಾಗ ಅತ್ತೆ ಎದ್ದುನಿಂತರು. ದೀಪದ ಹೊತ್ತು. ಇಪ್ಪತ್ತೈದನೆಯ ಸಾಲು ಜಡೆ ಹೊರಳಿಸುವ ಸಾಲು, ಅದೇ ಕೊನೆಯ ಹೊರಳು. ಅಕ್ಕ “ಇನ್ನೊಂದು ಐದು ನಿಮಿಷ” ಎಂದಳು. ನನ್ನ ನೆನಪಿನಲ್ಲಿ ಅವಳು ಅತ್ತೆಯನ್ನು ಕೇಳಿಕೊಂಡಿದ್ದು ಅದೊಂದೇ.

“ನಿನ್ನ ಜಡೆಗೆ ನನ್ನ ದೇವರು ಕಾಯ್ಬೇಕಾ?” ಎಂದು ಅತ್ತೆ ಒಳಗೆ ಹೋಗಿಯೇಬಿಟ್ಟರು. ಕಾಲು ತೊಳೆದ ಸದ್ದು, ದೀಪದ ಎಣ್ಣೆಯ ವಾಸನೆ, ಗಂಟೆಯ ಸದ್ದು ಒಂದರ ಹಿಂದೆ ಒಂದು ಬಂದವು. ಅಕ್ಕ ಚಿಕ್ಕ ಕಡ್ಡಿಗೆ ಮೂರು ಕುಣಿಕೆ ಏರಿಸಿ ಹಾಗೇ ಕೂತಳು. ಮಬ್ಬಿನಲ್ಲಿ ಮುಂದೆ ಯಾವುದು ಹಿಂದೆ ಯಾವುದು ಎಂದು ನನಗಂತೂ ತಿಳಿಯುತ್ತಿರಲಿಲ್ಲ. ಒಳಗಿನಿಂದ ಅತ್ತೆಯ ಸ್ತೋತ್ರ ಕೇಳುತ್ತಿತ್ತು. ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ನಡುವೆ ಅದೇ ರಾಗದಲ್ಲಿ “ಮುಂದೇ ನಿಲ್ಲಿಸೇ ಹುಡುಗಿ” ಎಂದು ಕೇಳಿತು. ಮತ್ತೆ ಸ್ತೋತ್ರ ಮುಂದುವರಿಯಿತು.

ಕೊನೆಯ ಏಳು ಸಾಲನ್ನು ಅಕ್ಕ ಲಾಟೀನಿನ ಬೆಳಕಿನಲ್ಲಿ ಬೆರಳ ಅಂದಾಜಿನಿಂದಲೇ ಹೆಣೆದಳು. “ಮೂವತ್ತೆರಡು” ಎಂದು ನಾನು ಕೂಗಿದಾಗ ಆರು ಕುಣಿಕೆಯೂ ಮತ್ತೆ ದೊಡ್ಡ ಕಡ್ಡಿಯ ಮೇಲಿತ್ತು. ಅದರ ಮೇಲೆ ಅಂಚು ಕಟ್ಟಿ ಶಾಲು ಮುಗಿಸಿದಳು. ಜಡೆ ಸ್ವಲ್ಪ ಬಿಗಿಯಾಗಿತ್ತು. ಆದರೆ ಏಳೂ ಒಂದೇ ಕಡೆ ಹೊರಳಿದ್ದವು. ಅಕ್ಕ ಒಳಗಿನವರಿಗೆ ಒಂದು ಮಾತೂ ಹೇಳಲಿಲ್ಲ. ಒಳಗಿನವರೂ ಬಂದು ನೋಡಲಿಲ್ಲ.

ಮರುದಿನ ಬೆಳಗ್ಗೆ ಸ್ನಾನ ಮಾಡಿ, ಒದ್ದೆ ಕೂದಲಿಗೆ ತುದಿಗಂಟು ಹಾಕಿಕೊಂಡು ಅಕ್ಕ ಅಪ್ಪನ ಜೊತೆ ಬಸ್ಸು ಹತ್ತಿದಳು. ಸಂಜೆ ಬಂದವಳ ಮುಖ ನೋಡಿಯೇ ನಾವು ತಿಳಿದುಕೊಂಡೆವು. ಅವಳನ್ನು ತೆಗೆದುಕೊಂಡಿದ್ದರು. ಪರೀಕ್ಷೆ ಮಾಡುತ್ತಿದ್ದ ಹೆಂಗಸು ಶಾಲನ್ನು ಮೊದಲು ತಿರುಗಿಸಿ ಹಿಂಬದಿ ನೋಡಿದರಂತೆ. ಏಳನೆಯ ಜಡೆಯ ಹತ್ತಿರ ಬೆರಳು ನಿಲ್ಲಿಸಿ, “ಇಲ್ಲಿ ಇಳಿಸಿ ಮತ್ತೆ ಹೆಣೆದಿದೀಯಾ?” ಎಂದು ಕೇಳಿದರಂತೆ. ಅಕ್ಕ ಇದ್ದದ್ದು ಇದ್ದ ಹಾಗೆ ಹೇಳಿದಳಂತೆ. ಅವರು ಒಂದು ತುಂಡು ಹೆಣಿಗೆ ಕೊಟ್ಟು, ಹೇಗೆ ಮಾಡಿದೆ ತೋರಿಸು ಎಂದರಂತೆ. “ಹೆಣೆಯೋಕೆ ಬರೋರು ತುಂಬ ಜನ ಬಂದಿದಾರೆ. ಪೂರ್ತಿ ಬಿಚ್ಚದೆ ತಪ್ಪು ತೆಗೆಯೋಕೆ ಬರೋಳು ನೀನೊಬ್ಳೇ. ಯಾರು ಕಲಿಸಿದ್ದು?” ಎಂದು ಕೇಳಿದಾಗ ಅಕ್ಕ “ನಮ್ಮತ್ತೆ” ಎಂದಳಂತೆ.

ಅಪ್ಪ ಇದನ್ನೆಲ್ಲ ನಡುಮನೆಯಲ್ಲಿ ನಿಂತು, ಅತ್ತೆಗೆ ಕೇಳಲಿ ಎಂದೇ ಜೋರಾಗಿ ಹೇಳಿದರು. ಅತ್ತೆ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಅಂದ್ರೆ ಆ ಜಡೆ ಬಿಗಿಯಾಗಿದೆ ಅಂತ ಅವರಿಗೆ ಗೊತ್ತಾಯ್ತು ಅಂತಾಯ್ತು. ಸಡಿಲ ಹೆಣಿ ಅಂತ ಬಡ್ಕೊಂಡೆ.”

ಮಕ್ಕಳೇ, ಇಲ್ಲಿ ಅತ್ತೆ ಅಕ್ಕನನ್ನು ತಬ್ಬಿಕೊಂಡರು ಎಂದು ಬರೆದರೆ ನಿಮಗೆ ಇಷ್ಟವಾಗುತ್ತಿತ್ತು. ಹಾಗೇನೂ ಆಗಲಿಲ್ಲ. ಅಕ್ಕ ಹಾಸ್ಟೆಲಿಗೆ ಹೊರಟ ದಿನ ಅತ್ತೆ ದೇವರ ಕೋಣೆಯಿಂದ ಹೊರಗೆ ಬರಲಿಲ್ಲ. ಅಕ್ಕ ಒಳಗೆ ಹೋಗಿ ನಮಸ್ಕಾರ ಮಾಡಲಿಲ್ಲ. ಅಕ್ಕ ಮುಂದೆ ಟೀಚರ್ ಆಗಿ, ಎಷ್ಟೋ ಹುಡುಗಿಯರಿಗೆ ನೂಲು ಪೋಣಿಸಿ ಗುರುತು ಇಡುವುದನ್ನು ಕಡ್ಡಾಯ ಮಾಡಿದ್ದಳು. ಅತ್ತೆಯ ಮಾತು ಬಂದರೆ ಮಾತ್ರ ಅವಳ ತುಟಿ ಕೊನೆಯವರೆಗೂ ಬಿಗಿಯುತ್ತಿತ್ತು. ಅತ್ತೆಯನ್ನು ನಾನೂ ಪ್ರೀತಿಸಲು ಕಲಿಯಲಿಲ್ಲ. ಆದರೆ ಅಂದಿನಿಂದ ಸಂಜೆ ಕೈಮುಗಿಯುವಾಗ ಅವರನ್ನು ಬಿಟ್ಟು ಬೇಡಿಕೊಳ್ಳುವುದನ್ನು ನಿಲ್ಲಿಸಿದೆ. ಆಗದವರ ಬಾಯಿಂದಲೂ ದೇವರು ಒಮ್ಮೊಮ್ಮೆ ಸರಿಯಾದ ಮಾತು ಆಡಿಸುತ್ತಾನೆ, ಅಷ್ಟು ನನಗೆ ಸಾಕಾಯಿತು.

ಈಗ ಕಾಲ ಬೇರೆ. ನಮ್ಮ ಮನೆಯಲ್ಲಿ ಯಾರೂ ಹೊರಗೆ ಕೂರುವುದಿಲ್ಲ. ಸೊಸೆ ಬಂದ ವರ್ಷವೇ ಅದನ್ನು ನಿಲ್ಲಿಸಿದೆವು. ದೇವರು ಬೇಸರ ಮಾಡಿಕೊಂಡ ಹಾಗೆ ನನಗೇನೂ ಕಾಣಲಿಲ್ಲ. ಮೊಮ್ಮಗಳು ಮಂಚದ ಮೇಲೆ ಕಾಲು ಚಾಚಿ, ಫೋನಿನಲ್ಲಿ ನೋಡಿಕೊಂಡು ಹೆಣೆಯುತ್ತಾಳೆ. ಮೊಮ್ಮಗ ಅವಳ ಪಕ್ಕದಲ್ಲೇ ಕೂತು ಟೋಪಿ ಹೆಣೆಯುತ್ತಾನೆ, ಗಂಡುಹುಡುಗನಿಗೆ ಇದೆಲ್ಲ ಯಾಕೆ ಎನ್ನುವವರಿಲ್ಲ. ಬಣ್ಣ ಬಣ್ಣದ ಉಣ್ಣೆ ಮನೆಬಾಗಿಲಿಗೇ ಬರುತ್ತದೆ. ಗುರುತಿಗೆ ಪ್ಲಾಸ್ಟಿಕ್ಕಿನ ಪುಟ್ಟ ಬಳೆಗಳಿವೆ. ಅರ್ಧ ಹೆಣೆದು ಫೋಟೋ ಹಾಕಿದರೆ ಗುರುತಿಲ್ಲದವರೆಲ್ಲ ಚೆಂದ, ಚೆಂದ ಎಂದು ಬರೆಯುತ್ತಾರೆ. ಬೆರಳ ಗಂಟಿಗೆ ಯಾರೂ ಹೊಡೆಯುವುದಿಲ್ಲ. ಇದಕ್ಕೆಲ್ಲ ನಾನು ದಿನವೂ ದೇವರಿಗೆ ಕೈಮುಗಿಯುತ್ತೇನೆ.

ಹೋದ ವಾರ ಮೊಮ್ಮಗಳು ಸ್ವೆಟರಿನ ತೋಳು ತೋರಿಸಿದಳು. ನೂರು ಜನ ಚೆಂದ ಎಂದಿದ್ದರಂತೆ. ನಾನು ಕನ್ನಡಕ ಹಾಕಿಕೊಂಡು ನೋಡಿ, “ಇಪ್ಪತ್ತು ಸಾಲು ಕೆಳಗೆ ತಪ್ಪಿದೆ ಕಣೇ, ಬಿಚ್ಚು,” ಎಂದೆ. ಅವಳ ಮುಖ ಕೆಂಪಗಾಯಿತು. “ಅಜ್ಜಿ ತುಂಬಾ ಕೆಟ್ಟದಾಗಿ ಮಾತಾಡ್ತಾರೆ,” ಎಂದು ತನ್ನ ಅಮ್ಮನ ಹತ್ತಿರ ದೂರು ಹೇಳಿ, ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಮಧ್ಯಾಹ್ನ ತೋಳನ್ನು ತಂದು ನನ್ನ ಮಂಚದ ಆ ತುದಿಗೆ ಕೂತಳು. ಮುಖ ಕಿಟಕಿಯ ಕಡೆಗಿತ್ತು.

“ಯಾವ ಸಾಲು?” ಎಂದು ಕೇಳಿದಳು.

ತೋರಿಸಿದೆ. ಸಿಟ್ಟು ಅವಳಿಗೆ ಇನ್ನೂ ಇಳಿದಿಲ್ಲ. ಬಿಚ್ಚಿ ಮತ್ತೆ ಹೆಣೆಯುತ್ತಾ ಹದಿನಾಲ್ಕನೆಯ ಸಾಲಿಗೆ ಬಂದಿದ್ದಾಳೆ.